ಅದೇ ರಿಮ್ಮಿಗೆ ಬೇರೆ ಟೈರು

ನನ್ನ ಕಾರಿಗೆ ಚಳಿಗಾಲದ ಟೈರು ಹಾಕಿಸಿಕೊಂಡ ಮೇಲೆ, ಹಾಕಿಸಿಲ್ಲವೆಂದು ನಾನು ರೇಣುಕಾಗೆ ಸುಳ್ಳು ಹೇಳಿದೆ. ನನ್ನ ಮಾತು ನಂಬಿ ಅವಳು ತನ್ನ ಕಾರಿಗೆ ಹಾಕಿಸಲಿಲ್ಲ. ಎರಡು ತಿಂಗಳಾದ ಮೇಲೆ ಅವಳ ಕಾರು ಜಾರಿ ದೀಪದ ಕಂಬಕ್ಕೆ ಹೊಡೆಯಿತು. ಹಿಂದಿನ ಸೀಟಿನಲ್ಲಿ ಅವಳ ಹತ್ತು ವರ್ಷದ ಮಗಳಿದ್ದಳು. ಆ ಕಾರನ್ನು ನೋಡಿ ಏನಾಗಿರಬಹುದು ಹೇಳಿ ಎಂದು ನನ್ನನ್ನೇ ಕರೆದರು. ನಾನು ಹೋಗಿ ಇನ್ನೊಂದು ಮಾತು ಹೇಳಿದೆ — ಅದು ಸುಳ್ಳಲ್ಲ, ಸುಳ್ಳಾಗದಂತೆ ಅಳೆದು ಹೇಳಿದ ಮಾತು, ಅದಕ್ಕೇ ಮೊದಲಿನದಕ್ಕಿಂತ ಕೆಟ್ಟದ್ದು. ಇದೆಲ್ಲ ಆಗಿ ನಾಲ್ಕು ವರ್ಷವಾಯಿತು.

ನನ್ನನ್ನು ಇಲ್ಲಿನ ಕನ್ನಡದವರು ಟೈರು ಅಂಕಲ್ ಎನ್ನುತ್ತಾರೆ. ಶ್ರೀಕಂಠ ಎಂಬ ಹೆಸರೊಂದು ಇದೆ, ಅದು ಸಂಬಳದ ಚೀಟಿಯಲ್ಲಿ ಮಾತ್ರ ಬಳಕೆಯಲ್ಲಿದೆ. ಮೈಸೂರಿನಲ್ಲಿ ಟೈರು ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಎಂಜಿನಿಯರಾಗಿದ್ದೆ. ಲಾರಿ ಟೈರು ನಮ್ಮದು. ಬಿಸಿಲಿನಲ್ಲಿ ಕಾದ ಡಾಂಬರಿನ ಮೇಲೆ ಭಾರ ಹೊತ್ತು ಓಡಿದಾಗ ರಬ್ಬರು ಎಲ್ಲಿ ಬಿಟ್ಟುಕೊಳ್ಳುತ್ತದೆ, ಯಾಕೆ ಬಿಟ್ಟುಕೊಳ್ಳುತ್ತದೆ — ಅದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಕಾರ್ಖಾನೆಯಲ್ಲಿ ನಾಲ್ಕೈದು ಜನ ಇದ್ದರೇನೋ. ಹಿಮದ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಅದು ಬರುತ್ತದೆಂದು ಮಾತ್ರ ಗೊತ್ತಿತ್ತು.

ಕೆನಡಾಕ್ಕೆ ಬಂದ ಮೇಲೆ ಆ ಹನ್ನೊಂದು ವರ್ಷಗಳನ್ನು ಯಾರೂ ಮೂಸಿ ನೋಡಲಿಲ್ಲ. ಟೊರಾಂಟೊ ಪಕ್ಕದ ಮಿಲ್ಟನ್ನಿನ ಒಂದು ಗೋದಾಮಿನಲ್ಲಿ ಸೇರಿದೆ, ಪೆಟ್ಟಿಗೆ ಎಣಿಸುವುದರಿಂದ ಶುರುಮಾಡಿ ಎಣಿಸುವವರನ್ನು ನೋಡಿಕೊಳ್ಳುವವನಾದೆ. ನಾನು ಎಂಜಿನಿಯರು ಎಂಬುದು ನನಗೇ ಮರೆತುಹೋಗುವಷ್ಟು ವರ್ಷ ಕಳೆಯಿತು. ಒಂದು ಕಡೆ ಮಾತ್ರ — ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ — ನಾನು ಇನ್ನೂ ಎಂಜಿನಿಯರಾಗಿದ್ದೆ. ಹೊಸದಾಗಿ ಬಂದವರು ಹಳೆಯ ಕಾರು ಕೊಳ್ಳುತ್ತಾರೆ, ಟೈರು ಸವೆದಿರುತ್ತದೆ, ಬೆಂಗಳೂರಿನಲ್ಲಿ ಟೈರಿನ ಕಡೆ ತಿರುಗಿಯೂ ನೋಡಿರುವುದಿಲ್ಲ. ಗ್ರೂಪಿನಲ್ಲಿ ಕೇಳುತ್ತಾರೆ. ಆಗ ಯಾರಾದರೂ, "ಟೈರು ಅಂಕಲ್‌ನ ಕೇಳಿ, ಅವ್ರು ಅದೇ ಲೈನಲ್ಲಿ ಇದ್ದವ್ರು," ಎನ್ನುತ್ತಾರೆ. ನಮ್ಮವರು ಏನು ಕೊಳ್ಳುವುದಿದ್ದರೂ ಅಂಗಡಿಯವನನ್ನು ನಂಬುವುದಿಲ್ಲ, ಆ ಲೈನಿನಲ್ಲಿದ್ದ ನಮ್ಮವನೊಬ್ಬನನ್ನು ಹುಡುಕಿ ಅವನನ್ನು ನಂಬುತ್ತಾರೆ. ಅವರು ಹುಡುಕಿದ್ದು ನನ್ನನ್ನು. ಆ ಎರಡು ಸಾಲು ಓದಿದಾಗ ನನಗೆ ಎಷ್ಟು ಹಿಗ್ಗಾಗುತ್ತಿತ್ತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಒಂದು ದೊಡ್ಡ ಸಂದೇಶ ಬರೆದು ಹಾಕಿದೆ. ಹಳೆಯ ಟೈರು ಬದಲಿಸುವವರು ಎಲ್ಲ ಕಾಲಕ್ಕೂ ಆಗುವ ಆಲ್-ಸೀಸನ್ ಟೈರನ್ನೇ ಹಾಕಿಸಿ, ಚಳಿಗಾಲಕ್ಕೆಂದು ಬೇರೆ ಟೈರು ಬೇಕಾಗಿಲ್ಲ, ಇದು ನನ್ನ ಅನುಭವದ ಮಾತು ಎಂದೆ. ಇಲ್ಲಿ ಹಿಮ ಬಿದ್ದ ಎರಡು ಗಂಟೆಯಲ್ಲಿ ರಸ್ತೆ ಬಳಿದು ಉಪ್ಪು ಚೆಲ್ಲುತ್ತಾರೆ, ನಾವು ಓಡಿಸುವುದು ಹಿಮದ ಮೇಲಲ್ಲ, ಒದ್ದೆ ಡಾಂಬರಿನ ಮೇಲೆ. ಟೈರಿನ ಮೇಲಿನ ಗೀರು ಆಳವಾಗಿರಬೇಕು, ನೀರು ಹೊರಗೆ ಹೋಗಬೇಕು, ಗಾಳಿ ಸರಿಯಾಗಿರಬೇಕು, ಅಷ್ಟೇ. ಯಾವ ಗುರುತು ನೋಡಬೇಕು, ತಯಾರಾದ ವಾರವನ್ನು ಎಲ್ಲಿ ಓದಬೇಕು, ಎಲ್ಲ ಬರೆದೆ. ಅರ್ಧ ನನ್ನ ಹಳೆಯ ತಿಳಿವಳಿಕೆ, ಅರ್ಧ ಎಲ್ಲೋ ಓದಿದ್ದು. ಎರಡರ ನಡುವೆ ಬೆಸುಗೆ ಕಾಣದಂತೆ ಬರೆಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ನಲವತ್ತು ಜನ ಕೈಮುಗಿದ ಚಿತ್ರ ಹಾಕಿದರು.

ರೇಣುಕಾ ನಮ್ಮ ಬೀದಿಯಲ್ಲಿ ಏಳು ಮನೆ ಆಚೆ ಇರುವವಳು. ಧಾರವಾಡದ ಹೆಣ್ಣುಮಗಳು, ಅಲ್ಲಿ ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದವಳು. ಗಂಡ ಗಿರೀಶ ಬೆಂಗಳೂರಿನವನು, ಸಾಫ್ಟ್‌ವೇರು, ಮನೆಯಿಂದಲೇ ಕೆಲಸ. ಅವಳ ಓದಿಗೂ ಇಲ್ಲಿ ನನ್ನ ಓದಿನ ಗತಿಯೇ ಆಗಿತ್ತು. ಆದರೆ ಅವಳು ನನ್ನ ಹಾಗೆ ಕೈಚೆಲ್ಲಲಿಲ್ಲ. ಮಗಳನ್ನು ನೋಡಿಕೊಳ್ಳುತ್ತ ಐದು ವರ್ಷ ಮತ್ತೆ ಓದಿ, ಪರೀಕ್ಷೆ ಕಟ್ಟಿ, ಒಶಾವಾದ ವಿಶ್ವವಿದ್ಯಾಲಯವೊಂದರ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಮಿಲ್ಟನ್‌ನಿಂದ ಒಶಾವಾ ಎಂದರೆ ಟೊರಾಂಟೊದ ಈ ತುದಿಯಿಂದ ಆ ತುದಿ, ಹೆಚ್ಚುಕಡಿಮೆ ನೂರು ಕಿಲೋಮೀಟರು. ವಾರಕ್ಕೆ ಮೂರು ದಿನ ಹೋಗಬೇಕು. ಅದಕ್ಕೆಂದೇ ಡ್ರೈವಿಂಗ್ ಕಲಿತಳು, ಅದಕ್ಕೆಂದೇ ಒಂದು ಹಳೆಯ ಕಾರು ಕೊಂಡಳು. ಆ ಕಾರಿಗೆ ನನ್ನ ಸಂದೇಶ ಓದಿ ಹೊಸ ಆಲ್-ಸೀಸನ್ ಟೈರು ಹಾಕಿಸಿದಳು.

ಆಯುಧಪೂಜೆಯ ದಿನ ಅದನ್ನು ನನಗೆ ತೋರಿಸಿದಳು. ನಮ್ಮ ಸಂಘದವರು ಆ ಪೂಜೆಯನ್ನು ಬಾಡಿಗೆಗೆ ಹಿಡಿದ ಹಾಲಿನ ಪಾರ್ಕಿಂಗ್ ಲಾಟಿನಲ್ಲಿ ಮಾಡುತ್ತಾರೆ. ಸಾಲಾಗಿ ಕಾರು, ಕಾರಿಗೊಂದು ಹಾರ, ಪುರೋಹಿತರ ಸ್ವೆಟರಿನ ಮೇಲೆ ಶಲ್ಯ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, "ಈಗ ಮುಂದೆ ಬನ್ನಿ" ಎಂದು ಕೈಬೀಸುವ ಕೆಲಸ ಪ್ರತಿವರ್ಷ ನನ್ನದು. ರೇಣುಕಾ ಕಾರಿನಿಂದ ಇಳಿದು ಬಂದು ನನ್ನ ಪಕ್ಕ ನಿಂತು ಮೆಲ್ಲಗೆ ಕೇಳಿದಳು.

"ಅಣ್ಣಾರ, ನಿಮ್ಮ ಮೆಸೇಜ್ ಓದಿನರಿ. ಒಂದ ಡೌಟ್ ಐತಿ. ಥಂಡ್ಯಾಗ ರಬ್ಬರ್ ಬಿರುಸ ಆಗೂದಿಲ್ಲೇನ್ರಿ? ಗೀರು ಎಷ್ಟ ಆಳ ಇದ್ರೂ, ರಬ್ಬರ ಕಲ್ಲಿನಂಗ ಆದ್ರ ರಸ್ತಾ ಹೆಂಗ ಹಿಡೀತದ?"

ಇಡೀ ಗ್ರೂಪಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು, ಕೇಳಬೇಕಾದ ಒಂದೇ ಪ್ರಶ್ನೆ ಅದು. ಕೆಮಿಸ್ಟ್ರಿ ಓದಿದವಳಿಗೆ ಹೊಳೆದದ್ದು ರಬ್ಬರಿನಲ್ಲೇ ಹನ್ನೊಂದು ವರ್ಷ ಕಳೆದವನಿಗೆ ಹೊಳೆದಿರಲಿಲ್ಲ. ಮೈಸೂರಿನಲ್ಲಿ ನಾವು ರಬ್ಬರು ಕರಗುವುದಕ್ಕೆ ಹೆದರುತ್ತಿದ್ದೆವೇ ಹೊರತು ಗಟ್ಟಿಯಾಗುವುದಕ್ಕಲ್ಲ. ಆ ಕ್ಷಣ ನನಗೆ ಒಳಗೆ ಎಲ್ಲೋ ಚುರುಕ್ಕೆಂದಿತು — ಅವಳು ಸರಿ ಇರಬಹುದು, ನಾನು ನೋಡಬೇಕು, ನೋಡಿ ಹೇಳುತ್ತೇನೆ ಎನ್ನಬೇಕು — ಆದರೆ ಸುತ್ತ ಏಳೆಂಟು ಜನ ನಿಂತಿದ್ದರು, ನನ್ನ ಕೈಯಲ್ಲಿ ನಿಂಬೆಹಣ್ಣಿನ ಬುಟ್ಟಿ ಇತ್ತು.

"ನೋಡಮ್ಮ, ಅದೆಲ್ಲ ಪುಸ್ತಕದ್ದು," ಎಂದೆ. "ಟೈರು ಓಡ್ತಾ ಓಡ್ತಾ ಬಿಸಿಯಾಗತ್ತೆ. ನಾನು ಇದರಲ್ಲೇ ಕೂದಲು ಉದುರಿಸಿಕೊಂಡಿದೀನಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಕಾರು ಹತ್ತಿ ನಿಂಬೆಹಣ್ಣಿನ ಮೇಲೆ ಹಾಯಿಸಿದಳು.

ನವೆಂಬರಿನ ಮೊದಲ ವಾರ ಒಂದು ಬೆಳಗ್ಗೆ ನಮ್ಮ ಬೀದಿಯ ಮೂಲೆಯಲ್ಲಿ ನನ್ನ ಕಾರು ನಿಲ್ಲಲಿಲ್ಲ. ಹಿಮ ಬಿದ್ದಿರಲಿಲ್ಲ. ಒಣ ಚಳಿ, ಡಾಂಬರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹೆಪ್ಪುಗಟ್ಟಿದ ಮಂಜು. ಬ್ರೇಕು ಒತ್ತಿದೆ, ಚಕ್ರಕ್ಕೆ ಹಿಡಿತ ಸಿಗದಾಗ ಆಗುವಂತೆ ಕಾಲ ಕೆಳಗೆ ಪೆಡಲು ಟಕಟಕ ಒದೆಯಿತು, ಕಾರು ತನ್ನ ಪಾಡಿಗೆ ತಾನು ಹೋಗಿ ಬೀದಿಯವರೆಲ್ಲರ ಅಂಚೆಪೆಟ್ಟಿಗೆ ಇರುವ ಕಂಬಕ್ಕೆ ಒಂದು ಮೊಳ ದೂರದಲ್ಲಿ ನಿಂತಿತು. ನಾನು ಹಾಕಿಸಿದ್ದೂ ಅದೇ ಆಲ್-ಸೀಸನ್, ಹೊಸದು, ಗೀರು ಆಳವಾದದ್ದು. ಇಳಿದು ಟೈರನ್ನು ಮುಟ್ಟಿ ನೋಡಿದೆ. ರೇಣುಕಾ ಹೇಳಿದ ಹಾಗೇ ಇತ್ತು.

ಮರುದಿನವೇ ಚಳಿಗಾಲದ ಟೈರು ಹಾಕಿಸಿದೆ. ಎಲ್ಲಿ ಹಾಕಿಸಿದೆ ಎಂಬುದನ್ನು ಹೇಳಬೇಕು. ಮಿಲ್ಟನ್ನಿನಲ್ಲಿ ನಮ್ಮವರು ಯಾರಾದರೂ ನೋಡಿಯಾರೆಂದು ಪಕ್ಕದ ಊರಿನ ಎರಿನ್ ಮಿಲ್ಸಿನ ತನಕ ಹೋದೆ. ಅಲ್ಲಿನ ಟೈರು ಅಂಗಡಿಯ ಕೆಲಸದವನು, ಚಳಿಗಾಲದ ಟೈರನ್ನು ಬೇರೆ ಕಪ್ಪು ಉಕ್ಕಿನ ರಿಮ್ಮಿಗೆ ಕೂರಿಸೋಣ, ಎಲ್ಲರೂ ಹಾಗೇ ಮಾಡುತ್ತಾರೆ, ಪ್ರತಿಸಲ ಬದಲಿಸುವುದು ಸುಲಭ ಎಂದ. ನಾನು ಬೇಡವೆಂದೆ. ಕಪ್ಪು ರಿಮ್ಮು ಇಲ್ಲಿ ಯಾರ ಕಣ್ಣಿಗಾದರೂ ಬೀಳುತ್ತದೆ — ಓಹೋ, ಇವನು ಚಳಿಗಾಲದ್ದು ಹಾಕಿಸಿದ್ದಾನೆ ಎಂದು ದೂರದಿಂದಲೇ ತಿಳಿಯುತ್ತದೆ. ನನ್ನ ಹಳೆಯ ಬೆಳ್ಳಿ ಬಣ್ಣದ ರಿಮ್ಮಿಗೇ ಕೂರಿಸು ಎಂದೆ. ಅವನಿಗೆ ಅರ್ಥವಾಗಲಿಲ್ಲ, ಭುಜ ಕುಣಿಸಿ ಕೂರಿಸಿಕೊಟ್ಟ. ತೆಗೆದ ಟೈರುಗಳನ್ನು ಗರಾಜಿನಲ್ಲಿ ಇಟ್ಟರೆ ಬಾಗಿಲು ತೆರೆದಾಗ ಕಾಣುತ್ತವೆಂದು ಬೇಸ್‌ಮೆಂಟಿಗೆ ಉರುಳಿಸಿ ಅಕ್ಕಿ ಮೂಟೆಗಳ ಹಿಂದೆ ಪೇರಿಸಿದೆ. ನನ್ನ ಹೆಂಡತಿ ಜಯಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ಯಾರಿಗೆ ಹೆದರಿ ಬಚ್ಚಿಡ್ತಿದೀರಿ?" ಎಂದಳು. ನಾನು ಕೊನೆಯ ಟೈರನ್ನು ಮೂಟೆಗಳ ಹಿಂದೆ ತಳ್ಳಿದೆ.

ಗ್ರೂಪಿನಲ್ಲಿ ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು. ಬರೆದೂ ಇದ್ದೆ. ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡೆ — ಕೇಳಿದರೆ ಖಂಡಿತ ಹೇಳುವುದು, ಸುಳ್ಳಂತೂ ಹೇಳುವುದಿಲ್ಲ.

ಟೈರು ಹಾಕಿಸಿದ ಎಂಟನೆಯ ದಿನ ರೇಣುಕಾ ಕೇಳಿದಳು. ಸಂಜೆ ಕೆಲಸದಿಂದ ಬಂದು ಅಂಚೆ ತೆಗೆದುಕೊಳ್ಳಲು ಹೋಗಿದ್ದೆ. ಅವಳು ಅಲ್ಲೇ ನಿಂತಿದ್ದಳು, ಕೈಯಲ್ಲಿ ಕಾಗದಗಳು. ಹತ್ತು ಹೆಜ್ಜೆ ದೂರದಲ್ಲಿ ನನ್ನ ಮನೆ, ಮನೆಯ ಮುಂದೆ ನನ್ನ ಕಾರು.

"ಅಣ್ಣಾರ, ಯಾಕೋ ಮನಸ ತಡೀಲಿಲ್ರಿ. ನಾಳೆ ವಿಂಟರ್ ಟೈರ್ ಹಾಕ್ಸಾಕ ಅಪಾಯಿಂಟ್‌ಮೆಂಟ್ ತಗೊಂಡೀನಿ. ಗಿರೀಶ ಬೈತಾನ. ಮೊನ್ನೆ ಹೊಸಾವು ಹಾಕ್ಸಿ ಮತ್ತ ಯಾಕ, ಟೈರು ಅಂಕಲ್ ಬ್ಯಾಡ ಅಂದಾರಲ್ಲ ಅಂತಾನ." ಅವಳು ನನ್ನ ಕಾರಿನ ಕಡೆ ನೋಡಿದಳು. "ನೀವೂ ಆಲ್-ಸೀಸನ್ನ ಇಟ್ಗೊಂಡೀರೇನ್ರಿ? ನಿಮ್ಮ ಗಾಡೀಗೂ ಅವ ಇದ್ರ, ನಾ ಕ್ಯಾನ್ಸಲ್ ಮಾಡ್ತೀನಿ."

ಇದಕ್ಕಿಂತ ನೇರವಾಗಿ ಯಾರು ಕೇಳಲು ಸಾಧ್ಯ? ನನ್ನ ಒಂದು ಮಾತಿನ ಮೇಲೆ ನಾಳೆಯ ಅಪಾಯಿಂಟ್‌ಮೆಂಟು ನಿಂತಿದೆ ಎಂದು ಅವಳೇ ಬಿಡಿಸಿ ಹೇಳಿದಳು. ನಾನು ಅವಳ ಮುಖ ನೋಡಿದೆ. ಆ ಪಾರ್ಕಿಂಗ್ ಲಾಟಿನ ನಗು ನೆನಪಾಯಿತು — ಈಗ ಇಲ್ಲ ಎಂದರೆ ಅವಳ ಪ್ರಶ್ನೆ ಸರಿ, ನನ್ನ ಕೂದಲು ಉದುರಿದ್ದು ದಂಡ...

"ಹೂಂ, ನಂದೂ ಅದೇ," ಎಂದೆ.

"ಹಂಗಾದ್ರ ಆತು ಬಿಡ್ರಿ," ಎಂದು ನಿರಾಳವಾಗಿ ನಕ್ಕು ಅಲ್ಲೇ ನಿಂತು ಫೋನು ತೆಗೆದಳು. ಅವಳು ಕ್ಯಾನ್ಸಲ್ ಮಾಡುವುದನ್ನು ನಾನು ನೋಡಿದೆ. ಫೋನಿನಲ್ಲಿ ಅವಳ ಹೆಸರು ಕೇಳಿದರು, ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅಷ್ಟು ಹೊತ್ತು ಅವಕಾಶವಿತ್ತು. ನಾನು ನನ್ನ ಅಂಚೆ ಹಿಡಿದುಕೊಂಡು ಮನೆಗೆ ಬಂದೆ.

ಜನವರಿಯಲ್ಲಿ, ಒಂದು ಮಧ್ಯಾಹ್ನ, ರೇಣುಕಾ ಮಗಳು ಇಂಚರಾಳನ್ನು ಹಲ್ಲಿನ ಡಾಕ್ಟರ ಬಳಿಯಿಂದ ಕರೆದುಕೊಂಡು ಬರುತ್ತಿದ್ದಾಗ, ಹೆದ್ದಾರಿಯಿಂದ ನಮ್ಮ ಊರಿಗೆ ಇಳಿಯುವ ತಿರುವಿನಲ್ಲಿ ಅವಳ ಕಾರು ಜಾರಿತು. ಸಿಗ್ನಲ್ಲು ಕೆಂಪಾಯಿತು, ಬ್ರೇಕು ಒತ್ತಿದಳು, ಕಾರು ಅಡ್ಡ ತಿರುಗಿ ಕಂಬಕ್ಕೆ ಬಡಿಯಿತು. ಹಿಂದೆ ಕೂತಿದ್ದ ಹುಡುಗಿಯ ಭುಜದ ಎಲುಬು ಮುರಿಯಿತು. ರೇಣುಕಾಗೆ ಒಂದು ಗೀರೂ ಆಗಲಿಲ್ಲ. ಅದೇ ಅವಳಿಗೆ ತಡೆಯಲಾರದ್ದಾಯಿತು.

ನಾಲ್ಕು ದಿನ ಬಿಟ್ಟು ಗಿರೀಶ ನನ್ನನ್ನು ಕರೆದುಕೊಂಡು ಹೋದ. ಜಖಂ ಆದ ಕಾರುಗಳನ್ನು ತಂದು ನಿಲ್ಲಿಸುವ ಅಂಗಳದಲ್ಲಿ ರೇಣುಕಾಳ ಕಾರು ನಿಂತಿತ್ತು. ಅವಳೂ ಬಂದಿದ್ದಳು, ಕಾರಿನ ಹತ್ತಿರ ಬರಲಿಲ್ಲ, ಬೇಲಿಯ ಪಕ್ಕ ನಿಂತಿದ್ದಳು.

"ಅಂಕಲ್, ಒಂದ್ಸಲ ನೀವೇ ನೋಡ್ಬಿಡಿ," ಎಂದ ಗಿರೀಶ. "ಟೈರಲ್ಲಿ ಏನಾದ್ರೂ ಪ್ರಾಬ್ಲಮ್ ಇತ್ತಾ ಅಂತ. ಬ್ರೇಕ್ ಹಾಕ್ದೆ, ಕಾಲಲ್ಲಿ ಟಕಟಕ ಅಂತು, ನಿಲ್ಲಲೇ ಇಲ್ಲ ಅಂತಾಳೆ. ನಂಗೇನೋ ಗಾಬರಿಯಲ್ಲಿ ಏನೋ ಮಾಡಿದಾಳೆ ಅನ್ಸತ್ತೆ."

ಟಕಟಕ. ನನ್ನ ಕಾಲಿಗೆ ಆ ಟಕಟಕ ಗೊತ್ತಿತ್ತು. ನಾನು ಬಗ್ಗಿ ನಾಲ್ಕೂ ಟೈರು ನೋಡಿದೆ, ಒಂದೊಂದಕ್ಕೂ ಬೇಕಾದಷ್ಟು ಹೊತ್ತು ತೆಗೆದುಕೊಂಡೆ, ಯಾಕೆಂದರೆ ನೋಡುವವರಿಗೆ ಪರೀಕ್ಷೆ ಪರೀಕ್ಷೆಯ ಹಾಗೆ ಕಾಣಬೇಕು. ಗೀರು ಆಳವಾಗಿತ್ತು. ಗಾಳಿ ಸರಿಯಾಗಿತ್ತು. ಎಲ್ಲೂ ಬಿರುಕಿಲ್ಲ. ಎದ್ದು ಕೈ ಒರೆಸಿಕೊಂಡು ಹೇಳಿದೆ.

"ಟೈರು ಚೆನ್ನಾಗೇ ಇದೆ."

ನಿಜವೇ. ಟೈರು ಚೆನ್ನಾಗಿಯೇ ಇತ್ತು, ಬೇರೆ ಊರಿಗೆ, ಬೇರೆ ತಿಂಗಳಿಗೆ. ಗಿರೀಶ ಹೆಂಡತಿಯ ಕಡೆ ತಿರುಗಿ, "ಕೇಳಿಸ್ತಾ?" ಎಂದ. ಕೂಗಿ ಹೇಳಲಿಲ್ಲ, ಬೈಯಲೂ ಇಲ್ಲ. ಅವನು ಕೆಟ್ಟವನಲ್ಲ. ಅವಳು ಹೂಂ ಎಂದು ತಲೆಯಾಡಿಸಿದಳು. ಆ ದಿನದಿಂದ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ.

ಇಂಚರಾಳ ಎಲುಬು ಎಂಟು ವಾರದಲ್ಲಿ ಕೂಡಿತು. ಆದರೆ ಆ ಹುಡುಗಿ, "ಮಮ್ಮಾ, ಯು ಡೋಂಟ್ ಡ್ರೈವ್ ಮಿ, ಓಕೆ?" ಎಂದಳಂತೆ. ಜಯಾಳ ಹತ್ತಿರ ಹೇಳಿಕೊಂಡು ರೇಣುಕಾ ಅತ್ತಳು. ಆಮೇಲೆ ಒಶಾವಾಕ್ಕೆ ರೈಲಿನಲ್ಲಿ ಹೋಗತೊಡಗಿದಳು. ಬೆಳಗಿನ ರೈಲು ಹಿಡಿದು ಟೊರಾಂಟೊ ಪೇಟೆಗೆ, ಅಲ್ಲಿ ಇಳಿದು ಇನ್ನೊಂದು ರೈಲು, ಅಲ್ಲಿಂದ ಬಸ್ಸು. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತಿತ್ತು. ವಸಂತ ಬರುವ ಹೊತ್ತಿಗೆ ಕೆಲಸ ಬಿಟ್ಟಳು. ಐದು ವರ್ಷ ಓದಿ ಹಿಡಿದ ಕೆಲಸವನ್ನು ಒಂದು ವರ್ಷವೂ ಮಾಡಲಿಲ್ಲ.

ಆಗ ನಾನು ಉಪಕಾರ ಮಾಡಿದೆ. ನಮ್ಮ ಗೋದಾಮಿನಲ್ಲಿ ವಾಪಸು ಬಂದ ಪೆಟ್ಟಿಗೆಗಳನ್ನು ಬಿಚ್ಚಿ ನೋಡುವ ಕೆಲಸ ಕೊಡಿಸಿದೆ. ಹೇಗೂ ಒಂದೇ ಬೀದಿ, ನನ್ನ ಕಾರಿನಲ್ಲೇ ಕರೆದುಕೊಂಡು ಹೋಗಿ ಬರುತ್ತೇನೆ ಎಂದೆ. ಗಿರೀಶ ಮನೆಗೆ ಬಂದು ಮೈಸೂರುಪಾಕಿನ ಡಬ್ಬ ಕೊಟ್ಟು, ನಿಮ್ಮಂಥವರು ಸಿಗುವುದು ಪುಣ್ಯ ಎಂದು ಹೇಳಿ ಹೋದ. ಜಯಾ ಆ ಡಬ್ಬವನ್ನು ತೆರೆಯಲಿಲ್ಲ. "ನೀವು ಹೇಳ್ತೀರೋ, ನಾನು ಹೇಳ್ಲೋ," ಎಂದು ಒಮ್ಮೆ ಕೇಳಿದಳು. ನಾನೇ ಹೇಳುತ್ತೇನೆ ಎಂದೆ. ಆಮೇಲೆ ಅವಳು ಕೇಳಲಿಲ್ಲ, ಕೇಳದೆ ಇರುವುದನ್ನೇ ನಾನು ಅನುಕೂಲ ಮಾಡಿಕೊಂಡೆ.

ನಾಲ್ಕು ವರ್ಷ ಎಂದರೆ ಎಷ್ಟು ಬೆಳಗ್ಗೆ — ದಿನವೂ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಮಡಿಲಲ್ಲಿ ಊಟದ ಡಬ್ಬಿ. ಮೊದಮೊದಲು ಸಿಗ್ನಲ್ಲು ಬಂದಾಗಲೆಲ್ಲ ಅವಳ ಬಲಗಾಲು ತಾನಾಗಿ ಒತ್ತಿಕೊಳ್ಳುತ್ತಿತ್ತು. ನವೆಂಬರ್ ಬಂದರೆ ನಾನು ಏನೋ ನೆಪ ಹೇಳಿ ಎರಿನ್ ಮಿಲ್ಸಿಗೆ ಹೋಗಿ ಟೈರು ಬದಲಿಸಿಕೊಂಡು ಬರುತ್ತಿದ್ದೆ, ಏಪ್ರಿಲ್‌ನಲ್ಲಿ ಮತ್ತೆ. ಅದೇ ರಿಮ್ಮು, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಇಂದು ಹೇಳೋಣ ಎಂದು ಹೊರಡುತ್ತಿದ್ದೆ. ಗೋದಾಮು ಬರುವ ತನಕ ಹೇಗೆ ಶುರುಮಾಡುವುದೆಂದು ಯೋಚಿಸುತ್ತಿದ್ದೆ. ಗೋದಾಮು ಬರುತ್ತಿತ್ತು.

ಈ ಜನವರಿಯ ಒಂದು ಬೆಳಗ್ಗೆ, ರೈಲುಹಳಿಯ ಮೇಲಿನ ಸೇತುವೆ ಇಳಿಯುವಾಗ, ಮುಂದಿನ ಕಾರು ಇದ್ದಕ್ಕಿದ್ದಂತೆ ಬಾಲ ಆಡಿಸುತ್ತ ಅಡ್ಡ ತಿರುಗಿತು. ನಾನು ಬ್ರೇಕು ಒತ್ತಿದೆ. ಕಾರು ನಿಂತಿತು, ಗಡಿಬಿಡಿಯಿಲ್ಲದೆ, ನಿಲ್ಲಬೇಕಾದ ಜಾಗದಲ್ಲಿ. ರೇಣುಕಾ ಉಸಿರು ಬಿಟ್ಟಳು.

"ನಿಮ್ಮ ಕೈಯಾಗ ಗಾಡಿ ಎಷ್ಟ ಚಂದ ನಿಂದ್ರತೈತ್ರಿ ಅಣ್ಣಾರ," ಎಂದಳು. ಆಮೇಲೆ, ತನ್ನಷ್ಟಕ್ಕೆ ತಾನೇ ಹೇಳಿಕೊಂಡಂತೆ, "ಟೈರ ಅವ ಅದಾವ. ಕೈ ಬ್ಯಾರೆ ಅಷ್ಟ," ಎಂದಳು.

ನಾನು ಕಾರನ್ನು ಮತ್ತೆ ಮುಂದಕ್ಕೆ ಬಿಟ್ಟೆ. ಅವಳೇ ಮುಂದುವರಿಸಿದಳು. "ಲೈಸೆನ್ಸ್ ರಿನ್ಯೂ ಮಾಡಂತ ಕಾಗದ ಬಂದೈತ್ರಿ. ಮಾಡ್ಸೂದಿಲ್ಲ. ಇದ್ರ ಮನಸಿಗೆ ಕಿರಿಕಿರಿ. ಅದೂ ಹೋಗ್ಲಿ ಬಿಡ್ರಿ."

ಗೋದಾಮಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ, ಮುಂದೆ ಗಾಜನ್ನೇ ನೋಡುತ್ತ ಹೇಳಿದೆ. ಚೆನ್ನಾಗಿ ಹೇಳಲಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ. ನನ್ನ ಕಾರಿಗೆ ಆಗಲೂ ಚಳಿಗಾಲದ ಟೈರು ಇತ್ತು, ನೀನು ಅಂಚೆಪೆಟ್ಟಿಗೆಯ ಹತ್ತಿರ ಕೇಳಿದಾಗಲೂ ಇತ್ತು, ನಾನು ಸುಳ್ಳು ಹೇಳಿದೆ.

ಅವಳು ನಕ್ಕಳು. ನಾನು ಏನೇನೋ ಊಹಿಸಿಕೊಂಡಿದ್ದೆ, ನಗುವನ್ನು ಊಹಿಸಿರಲಿಲ್ಲ.

"ನನ್ನ ಸಮಾಧಾನಕ್ಕ ಹೇಳಾಕತ್ತೀರಿ, ನನಗ ಗೊತ್ತಾಗೂದಿಲ್ಲೇನು?" ಎಂದಳು. "ಲೈಸೆನ್ಸ್ ಬಿಡ್ತೀನಿ ಅಂದೆ ಅಂತ ಕತಿ ಕಟ್ಟಬ್ಯಾಡ್ರಿ. ನೀವು ಸುಳ್ಳ ಹೇಳಾವ್ರಲ್ಲ."

ನಾಲ್ಕು ವರ್ಷದ ಒಳ್ಳೆಯತನದಿಂದ ನಾನು ಕಟ್ಟಿಕೊಂಡದ್ದು ಇದು, ನಿಜ ಹೇಳಿದರೂ ನಂಬದಷ್ಟು ನಂಬಿಕೆ. ಕಾರಿನಿಂದ ಇಳಿದೆ, ಅವಳನ್ನೂ ಇಳಿಸಿದೆ. ಮುಂದಿನ ಚಕ್ರಕ್ಕೆ ಮೆತ್ತಿದ್ದ ಕೊಳಕು ಹಿಮವನ್ನು ಬರಿಗೈಯಲ್ಲಿ ಕೆರೆದು, ಟೈರಿನ ಮಗ್ಗುಲಲ್ಲಿರುವ ಚಳಿಗಾಲದ ಟೈರಿನ ಗುರುತು ತೋರಿಸಿದೆ. ಬೆಟ್ಟ, ಬೆಟ್ಟದೊಳಗೆ ಒಂದು ಹಿಮದ ಹರಳು. ಅವಳು ಬಗ್ಗಿದಳು. ಕೈಗವಸು ತೆಗೆದು ಹೆಬ್ಬೆರಳಿನಿಂದ ರಬ್ಬರನ್ನು ಒತ್ತಿದಳು, ಇನ್ನೊಂದು ಕಡೆ ಒತ್ತಿದಳು. ಅಂಥ ಚಳಿಯಲ್ಲೂ ಅದು ಮೆದುವಾಗಿತ್ತು. ಲ್ಯಾಬಿನಲ್ಲಿ ಅವಳು ಹೀಗೆಯೇ ನೋಡುತ್ತಿದ್ದಳೇನೋ ಎಂದು ನನಗೆ ಅನ್ನಿಸಿತು.

"ಯಾವಾಗ ಹಾಕ್ಸಿದ್ರಿ?"

"ನೀನು ಕೇಳೋದಕ್ಕೆ ಎಂಟು ದಿನ ಮುಂಚೆ."

ಅವಳು ಎದ್ದಳು. ನಮ್ಮ ಶಿಫ್ಟಿನವರು ಒಬ್ಬೊಬ್ಬರೇ ಗುಡ್ ಮಾರ್ನಿಂಗ್ ಹೇಳುತ್ತ ದಾಟಿ ಹೋಗುತ್ತಿದ್ದರು. ಅವಳು ಅವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿದಳು.

"ನಾಲ್ಕ ವರ್ಷ," ಎಂದಳು, "ಈ ಕಾಲ ಏನ ತಪ್ಪ ಮಾಡ್ತು ಅಂತ ಕಾಲ ನೋಡ್ಕೋತ ಕುಂತೀನ್ರಿ. ನಿಮ್ಮ ಬಾಜೂಕ ಕುಂತು."

ಅಷ್ಟು ಹೇಳಿ ಒಳಗೆ ಹೋದಳು. ಸಂಜೆ ನನ್ನ ಕಾರಿಗೆ ಬರಲಿಲ್ಲ, ಬಸ್ಸಿನಲ್ಲಿ ಹೋದಳು. ಮನೆ ತಲುಪಿದ ಮೇಲೆ ಒಂದು ಸಂದೇಶ ಬಂತು: ಗಿರೀಶನಿಗೆ ನಾನು ಹೇಳುತ್ತೇನೆ, ಇಂಚರಾಗೆ ನೀವೇ ಹೇಳಬೇಕು, ಭಾನುವಾರ ಬನ್ನಿ.

ಭಾನುವಾರದ ತನಕ ಕಾಯಲಾರದೆ ಗ್ರೂಪಿನಲ್ಲಿ ಬರೆದೆ. ನಾನು ಕೊಟ್ಟ ಸಲಹೆ ತಪ್ಪು, ಹಿಮದ ಟೈರಿನ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ, ನಿಮಗೆ ಬೇಡವೆಂದು ಹೇಳಿ ನಾನು ಹಾಕಿಸಿಕೊಂಡೆ. ಅಳಿಸದೆ ಕಳಿಸಿದೆ. ಹನ್ನೆರಡು ಜನ ಕೈಮುಗಿದ ಚಿತ್ರ ಹಾಕಿದರು. ಒಬ್ಬರು, "ಸೋ ಹಂಬಲ್, ಅಂಕಲ್," ಎಂದರು. ಇನ್ನೊಬ್ಬರು, "ಅಂಕಲ್, ಸ್ನೋ ಬ್ಲೋವರ್ ಯಾವ್ದು ತಗೊಂಡ್ರೆ ಒಳ್ಳೇದು?" ಎಂದು ಕೇಳಿದರು. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಗಿರೀಶ ಬಾಗಿಲು ತೆರೆದ, ಬನ್ನಿ ಎಂದ, ಅಂಕಲ್ ಎನ್ನಲಿಲ್ಲ, ಬೇಸ್‌ಮೆಂಟಿಗೆ ಇಳಿದು ಹೋದ. ಇಂಚರಾ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಅವಳಿಗೀಗ ಹದಿನಾಲ್ಕು ವರ್ಷ, ಅಮ್ಮನಷ್ಟೇ ಎತ್ತರ. ರೇಣುಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಕನ್ನಡದಲ್ಲಿ ಹೇಳಿದೆ, ಅವಳಿಗೆ ಅರ್ಥವಾಗುತ್ತದೆ. ಅಮ್ಮ ಸರಿಯಾದ ಪ್ರಶ್ನೆ ಕೇಳಿದ್ದಳು, ನಾನು ತಮಾಷೆ ಮಾಡಿ ತಳ್ಳಿಹಾಕಿದೆ. ಅಮ್ಮ ಬೇರೆ ಟೈರು ಹಾಕಿಸಲು ಹೊರಟಿದ್ದಳು, ನಾನು ಸುಳ್ಳು ಹೇಳಿ ತಪ್ಪಿಸಿದೆ. ಕಾರು ಕಂಬಕ್ಕೆ ಬಡಿದ ಮೇಲೆ ಟೈರು ಚೆನ್ನಾಗೇ ಇದೆ ಎಂದೆ. ಗೊತ್ತಿದ್ದೂ ಅಂದೆ.

ಆ ಹುಡುಗಿ ಮಡಚಿದ್ದ ಕಾಲನ್ನು ಕೆಳಗಿಳಿಸಿದಳು.

"ಸೋ ಇಟ್ ವಾಸಂಟ್ ಮಮ್ಮಾ?" ಎಂದು ಕೇಳಿದಳು. "ವಿತ್ ಯುವರ್ ಟೈರ್ಸ್, ಕಾರ್ ನಿಲ್ತಿತ್ತಾ?"

ನಿಲ್ಲುತ್ತಿತ್ತು — ಒಂದೇ ಒಂದು ಮಾತು. ಅದನ್ನು ಅಂದುಬಿಟ್ಟರೆ ರೇಣುಕಾಗೆ ಮಗಳು ವಾಪಸು ಸಿಗುತ್ತಾಳೆ, ನಾಲ್ಕು ವರ್ಷದ ಭಾರ ಒಂದೇ ಸಲಕ್ಕೆ ಇಳಿಯುತ್ತದೆ. ನಾನು ಹೇಳಿದರೆ ನಂಬುತ್ತಾರೆ. ಆದರೆ ಆ ತಿರುವಿನಲ್ಲಿ ಎಷ್ಟು ಮಂಜಿತ್ತೋ, ಎಷ್ಟು ವೇಗವಿತ್ತೋ, ಬ್ರೇಕು ಎಲ್ಲಿ ಒತ್ತಿದಳೋ... ನಿಲ್ಲುತ್ತಿತ್ತೇನೋ. ಒಂದು ಮೊಳ ಮೊದಲೇ ನಿಲ್ಲುತ್ತಿತ್ತೇನೋ. ಕಂಬಕ್ಕೆ ಮೆಲ್ಲಗೆ ತಾಗುತ್ತಿತ್ತೇನೋ. ಈ ಮನೆಯಲ್ಲಿ ಕೂತು ಇನ್ನೊಂದು ಸಲ, ಗೊತ್ತಿಲ್ಲದ್ದನ್ನು ಗೊತ್ತೆಂದು — ಅವರ ಒಳ್ಳೆಯದಕ್ಕೇ ಆದರೂ — ನನ್ನಿಂದ ಆಗಲಿಲ್ಲ. ಆಗದೆ ಇದ್ದದ್ದರಿಂದ ಅವರಿಗೆ ಕೊಡಬಹುದಾಗಿದ್ದ ಒಂದೇ ಒಂದು ಒಳ್ಳೆಯದನ್ನೂ ಕೊಡಲಿಲ್ಲ.

"ನನಗೆ ಗೊತ್ತಿಲ್ಲ ಕಣಮ್ಮ," ಎಂದೆ.

ಇಂಚರಾ ಅಮ್ಮನ ಕಡೆ ನೋಡಿದಳು. ರೇಣುಕಾ ಬಾಗಿಲ ಚೌಕಟ್ಟಿಗೆ ಒರಗಿದ್ದಳು, ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ, ಬಹಳ ದಣಿದವರ ಮುಖ.

"ಅವತ್ತ ನಾ ಕೇಳಿದಾಗ," ಎಂದಳು, "ಇಷ್ಟ ಅಂದಿದ್ರ ಸಾಕಾಗಿತ್ರಿ, ಅಣ್ಣಾರ."